‘ಫೈಲ್ ಕರಪ್ಟ್ ಆಗಿದೆ’ ಎಂದು ಬಂತೇ? ಫಾರ್ಮ್ಯಾಟ್ ಒತ್ತುವ ಮೊದಲು ಇದನ್ನು ಓದಿ

ಮದುವೆ ಫೋಟೋಗಳಿರುವ ಪೆನ್‌ಡ್ರೈವ್ ಅನ್ನು ಕಂಪ್ಯೂಟರ್‌ಗೆ ಚುಚ್ಚಿದ ತಕ್ಷಣ ‘ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬರುತ್ತದೆ. ಹಳೆ ಫೋನಿನಿಂದ ತೆಗೆದಿಟ್ಟ ಜಿಪ್ ಫೈಲ್ ತೆರೆಯಲು ಹೋದರೆ ‘ಫೈಲ್ ಹಾಳಾಗಿದೆ’ ಎನ್ನುತ್ತದೆ. ಅಂಗಡಿಯ ಲೆಕ್ಕದ ಬ್ಯಾಕಪ್ ವರ್ಷಾಂತ್ಯದಲ್ಲೇ ಕೈಕೊಡುತ್ತದೆ. ಆಗ ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲೇ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಲಹೆಗಳು ನೆನಪಾಗುತ್ತವೆ: ‘ಫಾರ್ಮ್ಯಾಟ್ ಮಾಡಿ, ಆಮೇಲೆ ರಿಕವರಿ ಆ್ಯಪ್ ಹಾಕಿದರೆ ಎಲ್ಲಾ ವಾಪಸ್ ಬರುತ್ತೆ’, ‘ಹಾರ್ಡ್ ಡಿಸ್ಕ್ ಅನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಡಿ’, ‘ಫೈಲ್ ಹೆಸರಿನ ಕೊನೆ ಬದಲಿಸಿ, ತೆರೆದುಕೊಳ್ಳುತ್ತೆ’.

ಇವುಗಳಲ್ಲಿ ಎಷ್ಟು ನಿಜ? ಕರಪ್ಟ್ ಆದಂತೆ ಕಾಣುವ ಬ್ಯಾಕಪ್ ಅನ್ನು ನಿಜವಾಗಿ ಉಳಿಸಿಕೊಳ್ಳುವುದು ಹೇಗೆ? ಒಂದೊಂದಾಗಿ ನೋಡೋಣ.

ಮೊದಲು ಚುಟುಕಾಗಿ

• ‘ಕರಪ್ಟ್’ ಎಂದು ತೋರಿಸಿದ ಮಾತ್ರಕ್ಕೆ ಒಳಗಿನ ಮಾಹಿತಿ ಹೋಗಿದೆ ಎಂದರ್ಥವಲ್ಲ. ಹಲವು ಬಾರಿ ಅದು ಪೂರ್ತಿ ಅಥವಾ ಬಹುಪಾಲು ಹಾಗೇ ಇರುತ್ತದೆ.
• ಆ ಪೆನ್‌ಡ್ರೈವ್, ಕಾರ್ಡ್ ಅಥವಾ ಡಿಸ್ಕ್‌ಗೆ ಹೊಸದಾಗಿ ಏನನ್ನೂ ಬರೆಯಬೇಡಿ. ಫಾರ್ಮ್ಯಾಟ್ ಬೇಡ, ‘ಸ್ಕ್ಯಾನ್ ಅಂಡ್ ಫಿಕ್ಸ್’ ಕೂಡ ಬೇಡ.
• ಮೊದಲು ನಕಲು, ನಂತರ ರಿಪೇರಿ. ರಿಪೇರಿ ಯಾವಾಗಲೂ ನಕಲಿನ ಮೇಲೆ, ಮೂಲದ ಮೇಲಲ್ಲ.
• ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಕರಪ್ಟ್ ಆಗುವುದೆಂದರೆ ಏನು?

ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ಅನ್ನು ಒಂದು ಗ್ರಂಥಾಲಯ ಎಂದುಕೊಳ್ಳಿ. ಕಪಾಟಿನಲ್ಲಿ ಪುಸ್ತಕಗಳಿವೆ, ಬಾಗಿಲ ಬಳಿ ಯಾವ ಪುಸ್ತಕ ಎಲ್ಲಿದೆ ಎಂಬ ದಾಖಲೆ ಪುಸ್ತಕವಿದೆ. ನಿಮ್ಮ ಫೋಟೋಗಳು ಕಪಾಟಿನ ಪುಸ್ತಕಗಳು. ‘ಫೈಲ್ ಸಿಸ್ಟಮ್’ ಎನ್ನುವುದು ಆ ದಾಖಲೆ. ದಾಖಲೆಯ ಎರಡು ಪುಟ ಹರಿದರೂ ಕಂಪ್ಯೂಟರ್ ‘ಇಲ್ಲಿ ಏನೂ ಸರಿಯಿಲ್ಲ, ಫಾರ್ಮ್ಯಾಟ್ ಮಾಡೋಣವೇ’ ಎಂದು ಕೇಳುತ್ತದೆ. ಪುಸ್ತಕಗಳು ಮಾತ್ರ ಕಪಾಟಿನಲ್ಲೇ ಇರುತ್ತವೆ.

ದಾಖಲೆ ಹರಿಯುವುದು ಹೆಚ್ಚಾಗಿ ಅವಸರದಿಂದ. ಕಾಪಿ ಮಾಡುವಾಗ ಕಂಪ್ಯೂಟರ್ ಕೆಲವೊಮ್ಮೆ ಮಾಹಿತಿಯನ್ನು ತನ್ನ ತಾತ್ಕಾಲಿಕ ಮೆಮೊರಿಯಲ್ಲಿಟ್ಟುಕೊಂಡು, ಆಮೇಲೆ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಪರದೆಯ ಮೇಲೆ ‘ಮುಗಿಯಿತು’ ಎಂದು ಕಂಡರೂ ಬರೆಯುವ ಕೆಲಸ ಬಾಕಿ ಇರಬಹುದು. ಆಗ ‘ಇಜೆಕ್ಟ್’ ಮಾಡದೆ ಎಳೆದುಬಿಟ್ಟರೆ ಅಥವಾ ಕರೆಂಟ್ ಹೋದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಎರಡನೇ ಬಗೆಯ ಹಾನಿ ಫೈಲಿನ ಒಳಗಿನದು: ನಡುವಿನ ಒಂದು ತುಂಡು ಕೆಡುತ್ತದೆ ಅಥವಾ ಬಾಲ ಕತ್ತರಿಸಿಹೋಗಿರುತ್ತದೆ. ಮೂರನೆಯದು ಸಾಧನವೇ ಸಾಯುತ್ತಿರುವುದು. ಈ ಮೂರಕ್ಕೂ ಮದ್ದು ಬೇರೆ ಬೇರೆ.

ಕರಪ್ಟ್ ಅಲ್ಲದ ‘ಕರಪ್ಟ್’ಗಳು

ರಿಪೇರಿಗೆ ಕೈಹಾಕುವ ಮೊದಲು ಇವುಗಳಲ್ಲಿ ಯಾವುದಾದರೂ ನಿಮ್ಮ ಪ್ರಕರಣವೇ ಎಂದು ನೋಡಿ.

ಬೇರೆ ಕಂಪ್ಯೂಟರ್‌ನ ಡಿಸ್ಕ್: ಆಪಲ್ ಮ್ಯಾಕ್‌ನಲ್ಲಿ ಅದರದೇ ಮಾದರಿಯಲ್ಲಿ ಸಿದ್ಧಪಡಿಸಿದ ಹಾರ್ಡ್ ಡಿಸ್ಕ್ ಅನ್ನು ವಿಂಡೋಸ್‌ಗೆ ಜೋಡಿಸಿದರೆ ವಿಂಡೋಸ್‌ಗೆ ಅದು ಅರ್ಥವಾಗುವುದಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಬಹುದು. ಲಿನಕ್ಸ್ ಡಿಸ್ಕ್‌ಗಳಿಗೂ ಇದೇ ಕಥೆ. ಡಿಸ್ಕ್ ಚೆನ್ನಾಗಿಯೇ ಇದೆ, ಓದುವವರಿಗೆ ಲಿಪಿ ಗೊತ್ತಿಲ್ಲ ಅಷ್ಟೆ.

ಫೋನಿಗೆ ‘ಒಳ ಮೆಮೊರಿ’ಯಾಗಿ ಸೇರಿಸಿದ ಕಾರ್ಡ್: ಕೆಲವು ಆಂಡ್ರಾಯ್ಡ್ ಫೋನ್‌ಗಳು ಮೆಮೊರಿ ಕಾರ್ಡ್ ಅನ್ನು ಇಂಟರ್ನಲ್ ಸ್ಟೋರೇಜ್ ಆಗಿ ಬಳಸಲು ಬಿಡುತ್ತವೆ. ಆಗ ಕಾರ್ಡ್ ಪೂರ್ತಿ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ, ಬೀಗದಕೈ ಆ ಫೋನಿನೊಳಗೆ ಮಾತ್ರ. ಬೇರೆ ಎಲ್ಲಿ ಹಾಕಿದರೂ ಕಾರ್ಡ್ ಹಾಳಾದಂತೆಯೇ ಕಾಣುತ್ತದೆ. ಅದೇ ಫೋನಿಗೆ ಮತ್ತೆ ಹಾಕಿ ನೋಡಿ. ಈ ಕಾರಣಕ್ಕೇ ಹಳೆ ಫೋನನ್ನು ರೀಸೆಟ್ ಮಾಡಿ ಮಾರುವ ಮೊದಲು ಕಾರ್ಡ್‌ನಲ್ಲಿರುವುದನ್ನೆಲ್ಲ ಹೊರಗೆ ತೆಗೆದಿಡಬೇಕು.

ತುಂಡುಗಳಲ್ಲಿ ಒಂದು ಇಲ್ಲದಿರುವುದು: ದೊಡ್ಡ ಬ್ಯಾಕಪ್‌ಗಳನ್ನು 001, 002, 003 ಎಂದು ತುಂಡು ಮಾಡಿಟ್ಟಿರುತ್ತಾರೆ. ಎಲ್ಲವೂ ಒಂದೇ ಫೋಲ್ಡರ್‌ನಲ್ಲಿದ್ದರೆ ಮಾತ್ರ ಮೊದಲನೆಯದನ್ನು ತೆರೆಯಲು ಸಾಧ್ಯ. ಒಂದು ತುಂಡು ಕಾಣೆಯಾದರೂ ‘ಫೈಲ್ ಹಾಳಾಗಿದೆ’ ಎಂದೇ ಬರುತ್ತದೆ.

4 ಜಿಬಿ ಗೋಡೆ: ಹಳೆಯ ಮತ್ತು ಚಿಕ್ಕ ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ‘ಫ್ಯಾಟ್32’ ಎಂಬ ಪದ್ಧತಿಯಲ್ಲಿ ಒಂದೇ ಫೈಲ್ 4 ಜಿಬಿ ಮೀರುವಂತಿಲ್ಲ. ಅದಕ್ಕಿಂತ ದೊಡ್ಡ ಬ್ಯಾಕಪ್ ಅಲ್ಲಿ ಹಿಡಿಸುವುದಿಲ್ಲ. ನಿಮ್ಮ ಹಾಳಾದ ಫೈಲಿನ ಗಾತ್ರ ಸರಿಯಾಗಿ 4 ಜಿಬಿ ಬಳಿ ನಿಂತಿದ್ದರೆ ಕಾರಣ ಇದೇ ಇರಬಹುದು. ಮೂಲ ಫೈಲ್ ಇನ್ನೂ ಇದ್ದರೆ ಅದನ್ನು ‘ಎಕ್ಸ್‌ಫ್ಯಾಟ್’ ಪದ್ಧತಿಯ ಬೇರೆ ಡಿಸ್ಕ್‌ಗೆ ನಕಲು ಮಾಡಿ.

ನುಡಿ, ಬರಹ ಕಡತಗಳು: ಇದು ನಮ್ಮದೇ ಸಮಸ್ಯೆ. ಯೂನಿಕೋಡ್ ಬರುವ ಮೊದಲು ನುಡಿ ಅಥವಾ ಬರಹದ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಇಂದಿನ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಂತೆ ಕಾಣುತ್ತದೆ. ಅದು ಕರಪ್ಟ್ ಆಗಿಲ್ಲ. ಹಳೆಯ ಫಾಂಟ್ ಹಾಕಿದರೆ ಅಥವಾ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ ಬಳಸಿದರೆ ಕನ್ನಡ ವಾಪಸ್ ಬರುತ್ತದೆ. ಇಂಥ ಕಡತಗಳನ್ನು ‘ವೈರಸ್ ತಿಂದಿದೆ’ ಎಂದು ಅಳಿಸಬೇಡಿ.

ಇಷ್ಟೂ ಅಲ್ಲದಿದ್ದರೆ ಬೇರೆ ಕೇಬಲ್, ಬೇರೆ ಯುಎಸ್‌ಬಿ ಪೋರ್ಟ್, ಬೇರೆ ಕಾರ್ಡ್ ರೀಡರ್, ಬೇರೆ ಕಂಪ್ಯೂಟರ್ ಒಮ್ಮೆ ಪ್ರಯತ್ನಿಸಿ. ಸಡಿಲವಾದ ಕೇಬಲ್ ಒಳ್ಳೆಯ ಡಿಸ್ಕ್ ಅನ್ನೂ ಹಾಳಾದಂತೆ ತೋರಿಸಬಲ್ಲದು.

ಸುರಕ್ಷಿತವಾಗಿ ನಕಲು ಮಾಡುವುದು ಹೇಗೆ?

1. ಬರೆಯುವುದನ್ನು ನಿಲ್ಲಿಸಿ. ಕ್ಯಾಮೆರಾ ಕಾರ್ಡ್ ಆದರೆ ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ದೊಡ್ಡ ಎಸ್‌ಡಿ ಕಾರ್ಡ್‌ನ ಪಕ್ಕದಲ್ಲಿ ಚಿಕ್ಕ ‘ಲಾಕ್’ ಗುಂಡಿ ಇರುತ್ತದೆ, ಅದನ್ನು ಲಾಕ್ ಕಡೆಗೆ ಜರುಗಿಸಿ. ಮೈಕ್ರೋ ಎಸ್‌ಡಿ ಆದರೆ ಅಡಾಪ್ಟರ್‌ನಲ್ಲಿ ಈ ಗುಂಡಿ ಇರುತ್ತದೆ.

2. ‘ಕಟ್’ ಬೇಡ, ‘ಕಾಪಿ’ ಮಾಡಿ. ಕಟ್ ಅಥವಾ ಮೂವ್ ಮಾಡುವಾಗ ನಡುವೆ ತೊಂದರೆಯಾದರೆ ಮೂಲವೂ ನಕಲೂ ಎರಡೂ ಅರ್ಧಂಬರ್ಧ ಆಗಬಹುದು.

3. ಅತಿ ಮುಖ್ಯವಾದದ್ದನ್ನು ಮೊದಲು ತೆಗೆಯಿರಿ. ಸಾಯುತ್ತಿರುವ ಡಿಸ್ಕ್ ಎಷ್ಟು ಹೊತ್ತು ಓಡುತ್ತದೋ ಯಾರಿಗೂ ಗೊತ್ತಿಲ್ಲ. ಸಿನಿಮಾ, ಹಾಡುಗಳು ಮತ್ತೆ ಸಿಗುತ್ತವೆ. ತೀರಿಹೋದ ಅಪ್ಪನ ಧ್ವನಿ ಸಂದೇಶ ಸಿಗುವುದಿಲ್ಲ.

4. ಒಮ್ಮೆಗೇ ಎಲ್ಲಾ ಬೇಡ. ಫೋನಿನಿಂದ ಕೇಬಲ್ ಮೂಲಕ ಸಾವಿರಾರು ಫೋಟೋಗಳನ್ನು ಒಟ್ಟಿಗೆ ಎಳೆದರೆ ನಡುವೆ ನಿಂತುಹೋದಾಗ ಯಾವುದು ಬಂತು, ಯಾವುದು ಬರಲಿಲ್ಲ ಎಂದು ತಿಳಿಯುವುದಿಲ್ಲ. ನೂರು, ಇನ್ನೂರರ ಕಂತುಗಳಲ್ಲಿ ನಕಲು ಮಾಡಿ, ಪ್ರತಿ ಕಂತಿನ ಸಂಖ್ಯೆ ಮತ್ತು ಗಾತ್ರ ಹೋಲಿಸಿ.

5. ಡಿಸ್ಕ್ ತೆರೆಯುವುದೇ ಇಲ್ಲ ಎಂದಾದರೆ ಇಡೀ ಡಿಸ್ಕ್‌ನ ಪ್ರತಿರೂಪ ತೆಗೆಯುವ ದಾರಿ ಇದೆ. ಇದಕ್ಕೆ ‘ಇಮೇಜ್’ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುವ ‘ಡಿಡಿರೆಸ್ಕ್ಯೂ’ ಇದಕ್ಕೆಂದೇ ಇರುವ ತಂತ್ರಾಂಶ. ಸುಲಭವಾಗಿ ಓದಲು ಬರುವ ಭಾಗಗಳನ್ನು ಅದು ಮೊದಲು ಉಳಿಸಿಕೊಳ್ಳುತ್ತದೆ, ಕೆಟ್ಟ ಜಾಗಗಳನ್ನು ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕ ಇಟ್ಟುಕೊಳ್ಳುವುದರಿಂದ ನಡುವೆ ನಿಂತರೂ ಮತ್ತೆ ಅಲ್ಲಿಂದಲೇ ಮುಂದುವರಿಯಬಹುದು. ಇದರಲ್ಲಿ ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಅದಲುಬದಲು ಬರೆದರೆ ಮೂಲವೇ ಅಳಿಸಿಹೋಗುತ್ತದೆ. ಅಭ್ಯಾಸವಿಲ್ಲದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ನಕಲು ಸರಿಯಾಗಿದೆ ಎಂದು ಖಚಿತವಾಗುವುದು ಹೇಗೆ?

ಗಾತ್ರ ಒಂದೇ ಇದ್ದರೆ ಸಾಲದು. ಕೆಟ್ಟ ನಕಲಿನ ಗಾತ್ರವೂ ಅಷ್ಟೇ ಇರಬಹುದು. ಇದಕ್ಕೆ ‘ಹ್ಯಾಶ್’ ಎಂಬ ಪರೀಕ್ಷೆ ಇದೆ. ಇದು ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಂತೆ. ‘ಎಸ್‌ಎಚ್‌ಎ-256’ ಎಂಬ ವಿಧಾನ ಎಷ್ಟೇ ದೊಡ್ಡ ಫೈಲ್ ಕೊಟ್ಟರೂ 64 ಅಕ್ಷರಗಳ ಒಂದು ಸಾಲು ಕೊಡುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಉಚಿತ ‘ಸೆವೆನ್-ಜಿಪ್’ ಹಾಕಿಕೊಂಡರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿಯೇ ಈ ಸಾಲನ್ನು ನೋಡಬಹುದು.

ಮೂಲದ ಹ್ಯಾಶ್ ಮತ್ತು ನಕಲಿನ ಹ್ಯಾಶ್ ಒಂದೇ ಆಗಿದ್ದರೆ ನಕಲು ನಿಖರವಾಗಿದೆ. ಆದರೆ ಇದರಿಂದ ಮೂಲ ಆರೋಗ್ಯವಾಗಿತ್ತು ಎಂದು ಸಾಬೀತಾಗುವುದಿಲ್ಲ. ಕೆಟ್ಟ ಫೈಲಿನ ನಿಖರ ನಕಲೂ ಕೆಟ್ಟದ್ದೇ. ಇನ್ನೊಂದು ಉಪಯೋಗವಿದೆ: ಏನನ್ನೂ ಬದಲಿಸದೆ ಒಂದೇ ಫೈಲಿನ ಹ್ಯಾಶ್ ಅನ್ನು ಎರಡು ಬಾರಿ ತೆಗೆದಾಗ ಬೇರೆ ಬೇರೆ ಬಂದರೆ, ಓದುವ ಹಾದಿಯಲ್ಲೇ ದೋಷವಿದೆ. ಕೇಬಲ್, ಕಾರ್ಡ್ ರೀಡರ್ ಅಥವಾ ಸಾಧನವನ್ನೇ ಅನುಮಾನಿಸಿ.

ಈಗ ರಿಪೇರಿ, ಅದೂ ನಕಲಿನ ಮೇಲೆ

ಜಿಪ್ ಫೈಲ್: ಪುಸ್ತಕಗಳಲ್ಲಿ ಪರಿವಿಡಿ ಮುಂದೆ ಇರುತ್ತದೆ, ಜಿಪ್‌ನಲ್ಲಿ ಕೊನೆಯಲ್ಲಿರುತ್ತದೆ. ಆದ್ದರಿಂದ ಡೌನ್‌ಲೋಡ್ ಶೇಕಡಾ 99ಕ್ಕೆ ನಿಂತರೂ ಪರಿವಿಡಿಯೇ ಇಲ್ಲದೆ ಇಡೀ ಫೈಲ್ ‘ಹಾಳು’ ಎನ್ನಿಸಿಕೊಳ್ಳುತ್ತದೆ. ಆದರೆ ಒಳಗಿನ ಪ್ರತಿ ಫೈಲಿನ ಮುಂದೆಯೂ ಅದರದೇ ಹೆಸರು ಇರುವ ಚಿಕ್ಕ ತಲೆಬರಹವಿದೆ. ವಿನ್‌ರಾರ್‌ನಲ್ಲಿರುವ ‘ರಿಪೇರ್’ ಆಯ್ಕೆಯಂಥವು ಈ ತಲೆಬರಹಗಳನ್ನು ಹುಡುಕಿ ಹೊಸ ಪರಿವಿಡಿ ಕಟ್ಟಿ, ಬೇರೆ ಫೈಲ್ ಮಾಡಿಕೊಡುತ್ತವೆ. ಕತ್ತರಿಸಿದ ಜಾಗದ ನಂತರದ್ದು ಸಿಗುವುದಿಲ್ಲ, ಅದಕ್ಕೂ ಮೊದಲಿನದ್ದು ಬಹುಪಾಲು ಸಿಗುತ್ತದೆ. ಮೂಲ ಇನ್ನೂ ಇಂಟರ್‌ನೆಟ್‌ನಲ್ಲಿದ್ದರೆ ಇಷ್ಟೆಲ್ಲ ಬೇಡ, ಮತ್ತೆ ಡೌನ್‌ಲೋಡ್ ಮಾಡುವುದೇ ಒಳ್ಳೆಯದು.

ಫೋಟೋಗಳು: ಪ್ರತಿ ಜೆಪಿಜಿ ಫೋಟೋ ನಿಶ್ಚಿತವಾದ ಕೆಲವು ಬೈಟ್‌ಗಳಿಂದ ಶುರುವಾಗುತ್ತದೆ. ಹೀಗಾಗಿ ದಾಖಲೆ ಪುಸ್ತಕ ಪೂರ್ತಿ ಹೋಗಿದ್ದರೂ ಕಪಾಟಿನಲ್ಲಿ ಹುಡುಕುತ್ತಾ ಹೋದರೆ ಫೋಟೋ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತದೆ. ಉಚಿತ ತಂತ್ರಾಂಶ ‘ಫೋಟೋರೆಕ್’ ಮಾಡುವುದು ಇದನ್ನೇ. ಹೆಸರಲ್ಲಿ ಫೋಟೋ ಇದ್ದರೂ ದಾಖಲೆ, ವಿಡಿಯೋಗಳನ್ನೂ ಹುಡುಕುತ್ತದೆ. ಆದರೆ ಹಳೆಯ ಹೆಸರು, ಫೋಲ್ಡರ್ ಉಳಿಯುವುದಿಲ್ಲ. ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೇ ಉಳಿಸಿ, ಅದೇ ಕಾರ್ಡ್‌ಗೆ ಉಳಿಸಿದರೆ ಇನ್ನೂ ಸಿಗಬೇಕಾದ ಫೋಟೋಗಳ ಮೇಲೇ ಬರೆದಂತಾಗುತ್ತದೆ.

ವಿಡಿಯೋ: ಎಂಪಿ4 ವಿಡಿಯೋವನ್ನು ಓಡಿಸಲು ಬೇಕಾದ ಸೂಚಿಯನ್ನು ಕ್ಯಾಮೆರಾಗಳು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯುತ್ತವೆ. ನಡುವೆ ಬ್ಯಾಟರಿ ಸತ್ತರೆ ದೃಶ್ಯ ಇದ್ದರೂ ಸೂಚಿ ಇರುವುದಿಲ್ಲ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಳ್ಳೆಯ ವಿಡಿಯೋ ಒಂದನ್ನು ಮಾದರಿಯಾಗಿಟ್ಟುಕೊಂಡು ಸೂಚಿಯನ್ನು ಮರುಕಟ್ಟುವ ‘ಅನ್‌ಟ್ರಂಕ್’ನಂಥ ಉಚಿತ ತಂತ್ರಾಂಶಗಳಿವೆ.

ಅಳಿಸಿಹೋದದ್ದು: ಇದಕ್ಕೆ ಮೊದಲು ಕಸದ ಬುಟ್ಟಿ ನೋಡಿ. ಬ್ಯಾಕಪ್ ಆಗಿದ್ದ ಫೋಟೋಗಳು ಗೂಗಲ್ ಫೋಟೋಸ್‌ನ ಬಿನ್‌ನಲ್ಲಿ 60 ದಿನ, ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿರುವ ಫೈಲ್‌ಗಳು 30 ದಿನ ಇರುತ್ತವೆ.

ವಾಟ್ಸಾಪ್ ಬ್ಯಾಕಪ್ ವಿಷಯ

ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ತನ್ನ ಮಾತುಕತೆಗಳ ಬ್ಯಾಕಪ್ ಅನ್ನು ಫೋನಿನೊಳಗಿನ ‘ಡೇಟಾಬೇಸಸ್’ ಎಂಬ ಫೋಲ್ಡರ್‌ನಲ್ಲೂ ಇಡುತ್ತದೆ. ಕಳೆದ ಏಳು ದಿನಗಳವರೆಗಿನ ಪ್ರತಿಗಳು ಅಲ್ಲಿರುತ್ತವೆ. ಹೆಸರಿನ ಕೊನೆಯಲ್ಲಿ ‘ಕ್ರಿಪ್ಟ್14’ ಅಥವಾ ‘ಕ್ರಿಪ್ಟ್15’ ಎಂಬಂತೆ ಇರುತ್ತದೆ. ಇದನ್ನು ಬೇರೆ ಆ್ಯಪ್‌ನಲ್ಲಿ ತೆರೆದರೆ ಅಸಂಬದ್ಧ ಚಿಹ್ನೆಗಳು ಕಾಣುತ್ತವೆ. ಅದು ಕರಪ್ಟ್ ಆಗಿದ್ದಲ್ಲ, ಗೂಢಲಿಪಿಯಲ್ಲಿ ಇರುವುದೇ ಹಾಗೆ. ಹೆಸರಿನ ಕೊನೆ ಬದಲಿಸಿದರೆ ಬೀಗ ತೆರೆಯುವುದಿಲ್ಲ.

ಇತ್ತೀಚಿನ ಪ್ರತಿ ಕೆಟ್ಟಿದ್ದರೆ ಎರಡು ದಿನ ಹಳೆಯದು ಚೆನ್ನಾಗಿರಬಹುದು. ವಾಟ್ಸಾಪ್ ಅನ್ನು ತೆಗೆದು ಮತ್ತೆ ಹಾಕುವ ಮೊದಲು ಇಡೀ ವಾಟ್ಸಾಪ್ ಫೋಲ್ಡರ್ ಅನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳಿ, ಈ ಕ್ರಮ ತಪ್ಪಿಸಬೇಡಿ. ನಂತರ ಬೇಕಾದ ದಿನದ ಫೈಲಿನ ಹೆಸರಿನಿಂದ ದಿನಾಂಕದ ಭಾಗ ತೆಗೆದು, ಮುಖ್ಯ ಬ್ಯಾಕಪ್‌ನ ಹೆಸರು ಕೊಟ್ಟು, ಕೊನೆಯ ಕ್ರಿಪ್ಟ್ ಸಂಖ್ಯೆಯನ್ನು ಹಾಗೇ ಬಿಟ್ಟು, ಅದೇ ಮೊಬೈಲ್ ನಂಬರ್‌ನಿಂದ ಮರುಸ್ಥಾಪಿಸಬಹುದು.

2021ರಿಂದ ವಾಟ್ಸಾಪ್‌ನಲ್ಲಿ ಬ್ಯಾಕಪ್‌ಗೂ ಪೂರ್ಣ ಗೂಢಲಿಪೀಕರಣದ ಆಯ್ಕೆ ಇದೆ. ಅದನ್ನು ಆನ್ ಮಾಡಿ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀ ಬರೆದಿಟ್ಟುಕೊಳ್ಳದೆ ಕಳೆದುಕೊಂಡರೆ ವಾಟ್ಸಾಪ್ ಕಂಪನಿಗೂ ಅದನ್ನು ತೆರೆಯಲು ಆಗುವುದಿಲ್ಲ. ‘ನಾವು ತೆರೆದುಕೊಡುತ್ತೇವೆ’ ಎನ್ನುವವರು ದುಡ್ಡು ಕೀಳುವವರು.

ಫಾರ್ವರ್ಡ್‌ಗಳ ಮಾತು, ಅಸಲಿ ಮಾತು

‘ಫಾರ್ಮ್ಯಾಟ್ ಮಾಡಿದರೂ ಎಲ್ಲಾ ವಾಪಸ್ ಬರುತ್ತೆ’: ಅರ್ಧ ಸತ್ಯ, ಹಾಗಾಗಿಯೇ ಅಪಾಯಕಾರಿ. ಮೇಲುಮೇಲಿನ ‘ಕ್ವಿಕ್ ಫಾರ್ಮ್ಯಾಟ್’ ದಾಖಲೆ ಪುಸ್ತಕವನ್ನಷ್ಟೇ ಹೊಸದಾಗಿ ಬರೆಯುತ್ತದೆ, ನಂತರ ಕೆಲವನ್ನು ಹುಡುಕಬಹುದು. ಪೂರ್ಣ ಫಾರ್ಮ್ಯಾಟ್ ಈಗಿನ ವಿಂಡೋಸ್‌ನಲ್ಲಿ ಇಡೀ ಡಿಸ್ಕ್‌ನ ಮೇಲೆ ಸೊನ್ನೆ ಬರೆಯುತ್ತದೆ, ಮುಗಿಯಿತು. ಎಸ್‌ಎಸ್‌ಡಿಗಳಲ್ಲಿ ‘ಟ್ರಿಮ್’ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ತಾನಾಗಿಯೇ ತೆರವುಗೊಳಿಸುವುದರಿಂದ ಕ್ವಿಕ್ ಫಾರ್ಮ್ಯಾಟ್ ಕೂಡ ಕೊನೆಯದಾಗಬಹುದು.

‘ರಿಪೇರ್ ಒತ್ತಿ, ಕಂಪ್ಯೂಟರೇ ಸರಿಮಾಡುತ್ತೆ’: ವಿಂಡೋಸ್‌ನ ಚೆಕ್‌ಡಿಸ್ಕ್ ದಾಖಲೆ ಪುಸ್ತಕವನ್ನು ಸುಸಂಬದ್ಧ ಮಾಡುತ್ತದೆ, ನಿಮ್ಮ ಫೋಟೋ ಉಳಿಸುವುದು ಅದರ ಮೊದಲ ಕೆಲಸವಲ್ಲ. ಯಾರದೆಂದು ತಿಳಿಯದ ತುಂಡುಗಳನ್ನು ಹೆಸರು ಬದಲಿಸಿ ಬೇರೆ ಫೋಲ್ಡರ್‌ಗೆ ಹಾಕುತ್ತದೆ. ನಕಲು ತೆಗೆದ ಮೇಲೆ ಬಳಸಿ, ಮೊದಲಲ್ಲ.

‘ಹಾರ್ಡ್ ಡಿಸ್ಕ್ ಫ್ರೀಜರ್‌ನಲ್ಲಿಡಿ’: ಮಾಡಬೇಡಿ. ಡಿಸ್ಕ್‌ನೊಳಗೆ ಓದುವ ಸೂಜಿಯಂಥ ಭಾಗ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಫ್ರೀಜರ್‌ನಿಂದ ಹೊರತೆಗೆದ ತಕ್ಷಣ, ತಣ್ಣನೆ ಬಾಟಲಿ ಬೆವರುವಂತೆ, ಡಿಸ್ಕ್ ಮೇಲೂ ಒಳಗೂ ನೀರಿನ ಪಸೆ ಕೂರಬಹುದು. ಆಗ ಓಡಿಸಿದರೆ ತಟ್ಟೆಯೇ ಗೀರಿಹೋಗುತ್ತದೆ.

‘ಈ ಆ್ಯಪ್ ಹಾಕಿದರೆ ಫೋನಿನಿಂದ ಅಳಿಸಿದ ಫೋಟೋ ಎಲ್ಲಾ ಸಿಗುತ್ತೆ’: ಇಂದಿನ ಫೋನ್‌ಗಳ ಒಳ ಮೆಮೊರಿ ಗೂಢಲಿಪಿಯಲ್ಲಿದೆ, ಟ್ರಿಮ್ ಕೂಡ ಇದೆ. ಬಿನ್‌ನಿಂದಲೂ ಹೋದದ್ದನ್ನು ಸಾಮಾನ್ಯ ಆ್ಯಪ್ ತರುವುದು ಹೆಚ್ಚುಕಡಿಮೆ ಅಸಾಧ್ಯ. ಇವುಗಳಲ್ಲಿ ಹಲವು ತೋರಿಸುವುದು ಉಳಿದಿರುವ ಚಿಕ್ಕ ಥಂಬ್‌ನೇಲ್ ಚಿತ್ರಗಳನ್ನು. ಜೊತೆಗೆ ನಿಮ್ಮ ಇಡೀ ಗ್ಯಾಲರಿಯ ಅನುಮತಿ ಕೇಳುತ್ತವೆ.

‘2 ಟಿಬಿ ಪೆನ್‌ಡ್ರೈವ್ ಕೆಲವೇ ನೂರು ರೂಪಾಯಿಗೆ’: ನಂಬಲಾಗದ ಬೆಲೆಯ ಪೆನ್‌ಡ್ರೈವ್‌ಗಳಲ್ಲಿ ನಿಜವಾದ ಜಾಗ ಬಹಳ ಕಡಿಮೆ ಇದ್ದು, ಸುಳ್ಳು ಸಂಖ್ಯೆ ತೋರಿಸುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೂ ಫೈಲಿನ ಹೆಸರು, ಗಾತ್ರ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಇಂಥ ‘ಕರಪ್ಷನ್’ಗೆ ಮದ್ದಿಲ್ಲ, ಏಕೆಂದರೆ ಮಾಹಿತಿ ಅಲ್ಲಿ ಉಳಿದೇ ಇಲ್ಲ. ಹೊಸ ಪೆನ್‌ಡ್ರೈವ್ ಖಾಲಿ ಇರುವಾಗಲೇ ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ.

ಯಾವಾಗ ತಜ್ಞರ ಬಳಿ ಹೋಗಬೇಕು?

ಡಿಸ್ಕ್ ಬಿದ್ದಿದ್ದರೆ, ನೀರು ಸೇರಿದ್ದರೆ, ಟಕ್ ಟಕ್ ಅಥವಾ ಕೊರೆಯುವ ಸದ್ದು ಬರುತ್ತಿದ್ದರೆ ಒಡನೆ ಆಫ್ ಮಾಡಿ. ಪ್ರತಿ ಬಾರಿ ಆನ್ ಮಾಡಿದಾಗಲೂ ಉಳಿಯುವ ಸಾಧ್ಯತೆ ಕಡಿಮೆಯಾಗುತ್ತದೆ. ಮನೆಯಲ್ಲಿ ಡಿಸ್ಕ್ ಬಿಚ್ಚಲೇಬೇಡಿ, ಒಂದು ಧೂಳಿನ ಕಣ ಸಾಕು. ಡೇಟಾ ರಿಕವರಿ ಕೇಂದ್ರಕ್ಕೆ ಕೊಡುವ ಮೊದಲು ಅಂದಾಜು ಖರ್ಚು ಎಷ್ಟು, ಏನೂ ಸಿಗದಿದ್ದರೆ ಹಣ ಕೊಡಬೇಕೇ ಎಂದು ಕೇಳಿ, ಬರಹದಲ್ಲಿ ಪಡೆಯಿರಿ.

ಎಲ್ಲಾ ಫೈಲ್‌ಗಳ ಹೆಸರಿನ ಕೊನೆ ಒಮ್ಮೆಲೇ ಬದಲಾಗಿ, ಹಣ ಕೇಳುವ ಚೀಟಿ ಕಂಡರೆ ಅದು ರ‍್ಯಾನ್ಸಮ್‌ವೇರ್. ಇಂಟರ್‌ನೆಟ್ ಮತ್ತು ಬ್ಯಾಕಪ್ ಡಿಸ್ಕ್ ಎರಡನ್ನೂ ಕಿತ್ತುಹಾಕಿ. ಯೂರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಗಳಿಗೆ ಉಚಿತ ಬೀಗದಕೈ ಸಿಗುತ್ತದೆ. ರಿಕವರಿ ಹೆಸರಲ್ಲಿ ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದೊಡ್ಡವರಿಗೂ ಆಗಿದೆ

1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳು ತಪ್ಪು ಆದೇಶವೊಂದರಿಂದ ಅಳಿಸಿಹೋದವು. ಬ್ಯಾಕಪ್ ನೋಡಿದರೆ ಅದೂ ಸರಿಯಿರಲಿಲ್ಲ. ಮಗುವಾದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇತ್ತು, ಚಿತ್ರ ಉಳಿಯಿತು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಸುಮಾರು 300 ಜಿಬಿ ಡೇಟಾಬೇಸ್ ಅಳಿಸಿದರು. ಐದು ಬಗೆಯ ಬ್ಯಾಕಪ್ ಮತ್ತು ಪ್ರತಿ ತೆಗೆಯುವ ವ್ಯವಸ್ಥೆಗಳಿದ್ದರೂ ಯಾವುದೂ ನಂಬುವಂತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೇ ಅವರನ್ನು ಕಾಪಾಡಿತು. ಎರಡೂ ಕಡೆ ಬ್ಯಾಕಪ್ ಇತ್ತು, ಅದನ್ನು ಸಕಾಲದಲ್ಲಿ ತೆರೆದು ನೋಡಿದವರು ಇರಲಿಲ್ಲ.

ಇನ್ನು ಮುಂದೆ

3-2-1 ಎಂಬ ಸರಳ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯ ಹೊರಗೆ. ಫೋನಿನಲ್ಲಿ ಒಂದು, ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲೋ ಊರಲ್ಲಿರುವ ಅಣ್ಣನ ಮನೆಯಲ್ಲೋ ಒಂದು. ಮೂರ್ನಾಲ್ಕು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಹತ್ತು ಫೋಟೋ, ಒಂದು ವಿಡಿಯೋ, ಒಂದು ಕಡತ ನಿಜವಾಗಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ಮುಂದಿನ ಬಾರಿ ‘ಫಾರ್ಮ್ಯಾಟ್ ಮಾಡಿ ನೋಡಿ’ ಎಂಬ ಸಲಹೆ ನಿಮ್ಮ ಗುಂಪಿಗೆ ಬಂದರೆ ಉತ್ತರವಾಗಿ ಇಷ್ಟು ಬರೆದರೆ ಸಾಕು: ‘ಏನನ್ನೂ ಒತ್ತಬೇಡಿ. ಮೊದಲು ನಕಲು ತೆಗೆಯಿರಿ.’ ಯಾರದೋ ಮನೆಯ ಮದುವೆ ಫೋಟೋ ಉಳಿಯಬಹುದು.